ಹನ್ನೆರಡು ಮಂದಿಯ ಟೈಪಿಂಗ್ ವೇಗ: ಸರಿಯಾದ ಪರೀಕ್ಷೆ ಹುಡುಕಿದ ಎಂಟು ವಾರಗಳ ದಿನಚರಿ

ನಿನ್ನೆ, ಮಾರ್ಚ್ 1ರಂದು, ನಮ್ಮ ಟೈಪಿಂಗ್ ತರಗತಿಯ ತಿದ್ದಿದ ವರದಿಯನ್ನು ಪಂಚಾಯಿತಿಗೆ ಕೊಟ್ಟು ಬಂದೆ. ತಿಂಗಳ ಹಿಂದೆ ಕೊಟ್ಟಿದ್ದ ಮೊದಲ ವರದಿಯಲ್ಲಿ ‘ಹೇಳಿಕೊಳ್ಳುವಂಥ ಬದಲಾವಣೆ ಕಂಡುಬಂದಿಲ್ಲ’ ಎಂದು ಬರೆದಿದ್ದೆ. ಅದು ಪೂರ್ತಿ ತಪ್ಪು. ಹನ್ನೆರಡು ಮಂದಿ ಮೂರು ವಾರ ಕುಳಿತು ಕಲಿತದ್ದನ್ನು ನಾನು ಲೆಕ್ಕದಲ್ಲಿ ಕಳೆದುಬಿಟ್ಟಿದ್ದೆ. ಒಂದೇ ವ್ಯಕ್ತಿಯನ್ನು ಮತ್ತೆ ಮತ್ತೆ ಅಳೆದಾಗ ಯಾವ ಪರೀಕ್ಷೆ ಹಿಡಿಯಬೇಕು, ಹಿಡಿದ ಮೇಲೂ ಎಲ್ಲೆಲ್ಲಿ ಕೈ ತಪ್ಪುತ್ತದೆ ಎಂಬುದನ್ನು ನೋಟ್ ಪುಸ್ತಕದಲ್ಲಿದ್ದಂತೆಯೇ ದಿನಾಂಕವಾರು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನೂ ಕೊಟ್ಟಿದ್ದೇನೆ, ಬೇಕಾದವರು ಕ್ಯಾಲ್ಕ್ಯುಲೇಟರ್ ಹಿಡಿದು ಮಾಡಿ ನೋಡಬಹುದು.

ಶಿರಸಿ ತಾಲ್ಲೂಕಿನ ನಮ್ಮೂರ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಕನ್ನಡ ಟೈಪಿಂಗ್ ಕಲಿಸುತ್ತೇನೆ. ಕಂಪ್ಯೂಟರ್ ನಾಲ್ಕು, ಕಲಿಯುವವರು ಹನ್ನೆರಡು. ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ್ದು. ಅಕ್ಷರಗಳ ಜಾಗವನ್ನು ಎಲ್ಲರೂ ಮೊದಲೇ ಕಲಿತಿದ್ದರು, ಬೇಕಾಗಿದ್ದದ್ದು ವೇಗ. ಆರು ವಾರ ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಿಸಿ, ಅದರಿಂದ ಉಪಯೋಗವಾಗುತ್ತಿದೆಯೇ ಎಂದು ಅಳೆದು ತೋರಿಸಿದರೆ ಇನ್ನೆರಡು ಕಂಪ್ಯೂಟರ್ ಕೇಳಲು ಬಲ ಬರುತ್ತದೆ ಎಂಬುದು ನನ್ನ ಯೋಚನೆಯಾಗಿತ್ತು.

ಸಾಮಾನು ಮತ್ತು ಖರ್ಚು: ಉದ್ದ ರಿಜಿಸ್ಟರ್ ₹80. ಪಠ್ಯದ ಜೆರಾಕ್ಸ್ 36 ಹಾಳೆ, ಹಾಳೆಗೆ ₹2ರಂತೆ ₹72. ಗ್ರಾಫ್ ಹಾಳೆ ₹10. ಕೈ ಮುಚ್ಚುವ ರಟ್ಟಿನ ಮುಚ್ಚಳ ನಾಲ್ಕು, ಹಳೆಯ ಪೆಟ್ಟಿಗೆಯಿಂದ ಕತ್ತರಿಸಿದ್ದು, ಖರ್ಚಿಲ್ಲ. ಲೆಕ್ಕದ ಹಾಳೆಯ ತಂತ್ರಾಂಶ ಲಿಬ್ರೆಆಫೀಸ್ ಕ್ಯಾಲ್ಕ್ ಮತ್ತು ಸಂಖ್ಯಾಶಾಸ್ತ್ರದ ತಂತ್ರಾಂಶ ಆರ್ ಎರಡೂ ಉಚಿತ. ಒಟ್ಟು ₹162.

ಜನವರಿ 6, ಸೋಮವಾರ: ಮೊದಲ ಅಳತೆ

ಐದು ನಿಮಿಷ ಟೈಪಿಂಗ್. ತಪ್ಪಿಲ್ಲದ ಪದಗಳನ್ನು ಎಣಿಸಿ ಐದರಿಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದೆ. ಮುಗಿದ ಕೂಡಲೇ ‘ಎಷ್ಟು ಕಷ್ಟವಾಯಿತು?’ ಎಂದು ಕೇಳಿ 0ಯಿಂದ 10ರವರೆಗೆ ಒಂದು ಅಂಕ ಬರೆಸಿಕೊಂಡೆ. ಮೂರನೆಯದು ನಾನೇ ಪಕ್ಕದಲ್ಲಿ ನಿಂತು ನೋಡಿದ್ದು: ಕೀಲಿಮಣೆಯನ್ನು ಬಗ್ಗಿ ನೋಡುತ್ತಾರೆಯೇ, ಹೌದು ಅಥವಾ ಇಲ್ಲ.

ಹೀಗೆ ಮೂರು ಬಗೆಯ ಅಳತೆ ಕೈಗೆ ಬಂತು. ಒಂದು ನಿಜವಾದ ಸಂಖ್ಯೆ. ಇನ್ನೊಂದು ಮೇಲು-ಕೆಳಗಿನ ಕ್ರಮವನ್ನು ಮಾತ್ರ ಹೇಳುವ ಅಂಕ. ಒಬ್ಬರ 6ಕ್ಕೂ 4ಕ್ಕೂ ನಡುವಿನ ಅಂತರ ಇನ್ನೊಬ್ಬರ 4ಕ್ಕೂ 2ಕ್ಕೂ ನಡುವಿನ ಅಂತರದಷ್ಟೇ ಎಂದು ಯಾರೂ ಹೇಳಲಾರರು. ಕೊನೆಯದು ಬರೀ ಹೌದು-ಇಲ್ಲ. ಮೂರಕ್ಕೂ ಮೂರು ಬೇರೆ ಪರೀಕ್ಷೆ ಬೇಕಾಗುತ್ತದೆ ಎಂಬುದು ಆ ದಿನ ನನಗೆ ಹೊಳೆದಿರಲಿಲ್ಲ. ಅಳೆಯುವ ಮೊದಲೇ ಕುಳಿತು ಬರೆದಿಟ್ಟುಕೊಳ್ಳಬೇಕಾದ ಸಂಗತಿ ಅದು.

ಜನವರಿ 27: ಎರಡನೆಯ ಅಳತೆ

ವೇಗ, ನಿಮಿಷಕ್ಕೆ ಪದಗಳಲ್ಲಿ. ಮೊದಲನೆಯದು ಜನವರಿ 6ರದು, ಎರಡನೆಯದು 27ರದು. ಮೂರನೆಯದು ಫೆಬ್ರವರಿ 17ರಂದು ಸಿಕ್ಕಿದ್ದು, ಇಲ್ಲೇ ಸೇರಿಸಿದ್ದೇನೆ.

ನಂ. 1: 18, 20, 21
ನಂ. 2: 24, 25, 27
ನಂ. 3: 15, 15, 17
ನಂ. 4: 21, 23, 23
ನಂ. 5: 27, 28, 29
ನಂ. 6: 19, 22, 24
ನಂ. 7: 22, 21, 22
ನಂ. 8: 16, 18, 19
ನಂ. 9: 25, 26, 28
ನಂ. 10: 20, 21, 23
ನಂ. 11: 17, 19, ಬಂದಿಲ್ಲ
ನಂ. 12: 23, 22, ಬಂದಿಲ್ಲ

ಮೊದಲ ಸರಾಸರಿ 20.58, ಎರಡನೆಯದು 21.67. ಏರಿಕೆ 1.08 ಪದ.

ಜನವರಿ 28: ಮೊದಲ ಲೆಕ್ಕ, ಮೊದಲ ತಪ್ಪು

ಕ್ಯಾಲ್ಕ್‌ನಲ್ಲಿ ಟಿಟೆಸ್ಟ್ ಎಂಬ ಸೂತ್ರವಿದೆ, ಎರಡು ಸರಾಸರಿಗಳನ್ನು ಹೋಲಿಸುವ ಟಿ ಪರೀಕ್ಷೆ ಮಾಡುವಂಥದ್ದು. ಎರಡು ಕಾಲಂ ಕೊಟ್ಟು, ಕೊನೆಗೆ ಎರಡು ಅಂಕಿ ಕೊಡಬೇಕು. ಅದರಲ್ಲಿ ಕಟ್ಟಕಡೆಯ ಅಂಕಿ ಪರೀಕ್ಷೆಯ ಬಗೆ: 1 ಎಂದರೆ ಜೋಡಿ (ಅದೇ ಮಂದಿಯ ಎರಡು ಅಳತೆ), 2 ಎಂದರೆ ಬೇರೆ ಬೇರೆ ಗುಂಪು, 3 ಎಂದರೆ ಹರಡುವಿಕೆಯೂ ಬೇರೆಯಾದ ಗುಂಪುಗಳು. ‘ಎರಡು ಕಾಲಂ ಇದೆಯಲ್ಲ’ ಎಂದುಕೊಂಡು 2 ಹಾಕಿದೆ. ಪಿ ಮೌಲ್ಯ 0.48 ಬಂತು. ಎಂದರೆ, ಅಭ್ಯಾಸದಿಂದ ಏನೂ ಆಗದಿದ್ದರೂ ಇಷ್ಟು ವ್ಯತ್ಯಾಸ ಸುಲಭವಾಗಿ ಕಾಣಿಸಿಕೊಳ್ಳಬಹುದಿತ್ತು.

2 ಹಾಕಿದಾಗ ಆದದ್ದಿಷ್ಟು. ಜನವರಿ 6ಕ್ಕೆ ಬಂದವರೇ ಬೇರೆ ಹನ್ನೆರಡು ಮಂದಿ, 27ಕ್ಕೆ ಬಂದವರೇ ಬೇರೆ ಹನ್ನೆರಡು ಮಂದಿ ಎಂದು ಕಂಪ್ಯೂಟರ್ ತಿಳಿದುಕೊಂಡಿತು. ಆಗ 1.08 ಪದದ ಏರಿಕೆಯನ್ನು ಅದು ಹೋಲಿಸುವುದು ನಿಧಾನದವರಿಗೂ ವೇಗದವರಿಗೂ ಇರುವ ಅಂತರದ ಜೊತೆ. ಆ ಅಂತರವೋ ದೊಡ್ಡದು, ಒಬ್ಬರು 15, ಇನ್ನೊಬ್ಬರು 27. ಅಷ್ಟು ಹರಡಿಕೊಂಡ ಗುಂಪಿನಲ್ಲಿ ಒಂದು ಪದದ ಏರಿಕೆ ಸಮುದ್ರದಲ್ಲಿ ಹುಣಸೆಹಣ್ಣು ತೊಳೆದಂತೆ.

ಜನವರಿ 30: ಸರಿಯಾದ ಪರೀಕ್ಷೆ, ಆದರೂ ತಪ್ಪು ಉತ್ತರ

ಎರಡು ದಿನ ಬಿಟ್ಟು ಸೂತ್ರದ ವಿವರಣೆ ಓದಿದಾಗ ತಪ್ಪು ಗೊತ್ತಾಯಿತು. 2 ಅಳಿಸಿ 1 ಹಾಕಿದೆ. ಪಿ ಮೌಲ್ಯ 0.49.

0.48 ಇದ್ದದ್ದು 0.49. ಸರಿ, ಜೋಡಿ ಮಾಡಿದರೂ ಮಾಡದಿದ್ದರೂ ಒಂದೇ, ಹಾಗಾದರೆ ನಿಜಕ್ಕೂ ಬದಲಾವಣೆ ಆಗಿಲ್ಲ ಎಂದು ನಂಬಿಬಿಟ್ಟೆ. ಫೆಬ್ರವರಿ 1ರಂದು ಒಂದು ಪುಟದ ವರದಿ ಬರೆದು ಪಂಚಾಯಿತಿಗೆ ಕೊಟ್ಟೆ, ಅದರ ಪ್ರತಿಯನ್ನೂ ಅಂಕಿಗಳ ಪಟ್ಟಿಯನ್ನೂ ಗ್ರಂಥಾಲಯದ ಗೋಡೆಗೆ ಅಂಟಿಸಿದೆ. ಪಟ್ಟಿಯಲ್ಲಿ ಹೆಸರಿಲ್ಲ, ನಂಬರ್ ಮಾತ್ರ.

ಫೆಬ್ರವರಿ 3: ನಂ. 9 ಕಂಡುಹಿಡಿದದ್ದು

ಸಂಜೆ ತರಗತಿ ಮುಗಿದ ಮೇಲೆ ಒಬ್ಬ ಹುಡುಗಿ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಪದವಿ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ, ಪಟ್ಟಿಯಲ್ಲಿ ನಂ. 9.

“ಸರ್, ನಾನು ಮೊದಲ ದಿನ 25 ಹೊಡೆದಿದ್ದೆ ಅಲ್ಲವೇ? ಇಲ್ಲಿ 23 ಎಂದಿದೆ.”

ರಿಜಿಸ್ಟರ್ ತೆಗೆದೆ. 25 ಎಂದೇ ಇತ್ತು. ಅವಳ ಬೆರಳು ಪಟ್ಟಿಯ ಮೇಲೆ ಕೆಳಗಿಳಿಯಿತು. “ಮತ್ತೆ ಇದು ನೋಡಿ ಸರ್, ಮೊದಲ ದಿನದ ಕಾಲಂ ಮೇಲಿಂದ ಕೆಳಗೆ ಸಾಲಾಗಿ ಏರುತ್ತಾ ಹೋಗಿದೆ. 15, 16, 17, 18...”

ಆಗ ನೆನಪಾಯಿತು. ಜನವರಿ 29ರಂದು, ಹೆಚ್ಚು ಅಭ್ಯಾಸ ಬೇಕಾದವರು ಯಾರು ಎಂದು ನೋಡಲು ಮೊದಲ ದಿನದ ಕಾಲಂ ಒಂದನ್ನೇ ಆರಿಸಿ ಏರಿಕೆಯ ಕ್ರಮಕ್ಕೆ ಹಾಕಿದ್ದೆ. ‘ಪಕ್ಕದ ಕೋಶಗಳಲ್ಲೂ ಮಾಹಿತಿ ಇದೆ, ಅವನ್ನೂ ಸೇರಿಸಿಕೊಳ್ಳಬೇಕೇ?’ ಎಂದು ಕ್ಯಾಲ್ಕ್ ಕೇಳಿತ್ತು. ಓದದೆ ‘ಈಗಿನ ಆಯ್ಕೆ ಮಾತ್ರ’ ಒತ್ತಿದ್ದೆ. ಒಂದು ಕಾಲಂ ಕದಲಿತು, ಪಕ್ಕದ್ದು ಇದ್ದಲ್ಲೇ ಇತ್ತು. ನಂ. 3ರ 15 ಹೋಗಿ ನಂ. 1ರ 20ರ ಪಕ್ಕ ಕುಳಿತಿತು, ಇನ್ನೊಬ್ಬರ 27 ಹೋಗಿ ನಂ. 12ರ 22ರ ಪಕ್ಕ ಕುಳಿತಿತು. ಒಬ್ಬರ ಮೊದಲ ದಿನಕ್ಕೆ ಮತ್ತೊಬ್ಬರ ಮೂರನೆಯ ವಾರವನ್ನು ಗಂಟು ಹಾಕಿ, ಅದಕ್ಕೆ ಜೋಡಿ ಪರೀಕ್ಷೆ ಮಾಡಿದ್ದೆ.

ನನಗೆ ಅನುಮಾನ ಬಾರದಿರಲು ಕಾರಣ ಒಂದೇ, ಸರಾಸರಿ ಕದಲಿರಲಿಲ್ಲ. ಕಾಲಂ ಅನ್ನು ಹೇಗೆ ಕಲಸಿದರೂ ಅದರ ಮೊತ್ತ ಅಷ್ಟೇ. ಏರಿಕೆ ಆಗಲೂ 1.08, ಈಗಲೂ 1.08. ಕೆಟ್ಟದ್ದು ವ್ಯತ್ಯಾಸಗಳ ಹರಡುವಿಕೆ.

ಅಂದು ರಾತ್ರಿ ರಿಜಿಸ್ಟರ್ ನೋಡಿ ಕೈಯಲ್ಲೇ ಲೆಕ್ಕ ಹಾಕಿದೆ. ಒಬ್ಬೊಬ್ಬರ ವ್ಯತ್ಯಾಸ ಕ್ರಮವಾಗಿ 2, 1, 0, 2, 1, 3, −1, 2, 1, 1, 2, −1. ಮೊತ್ತ 13, ಸರಾಸರಿ 1.083. ಅವು ಎಷ್ಟು ಹರಡಿವೆ ಎಂದು ಹೇಳುವ ಪ್ರಮಾಣಿತ ವಿಚಲನೆ 1.24. ಅದನ್ನು 12ರ ವರ್ಗಮೂಲದಿಂದ ಭಾಗಿಸಿದರೆ 0.358. ಟಿ ಎಂದರೆ 1.083ನ್ನು 0.358ರಿಂದ ಭಾಗಿಸಿದ್ದು, 3.03. ಪಿ ಮೌಲ್ಯ 0.0115. ಏರಿಕೆಯ 95 ಶೇಕಡಾ ವ್ಯಾಪ್ತಿ (ನಿಜವಾದ ಏರಿಕೆ ಇರಬಹುದಾದ ಅಂದಾಜಿನ ಎಲ್ಲೆ) 0.30ರಿಂದ 1.87 ಪದ.

ಕದಡಿದ ಕಾಲಂನಿಂದ ಬಂದಿದ್ದ ಟಿ 0.72. ಅದರ ಪ್ರಮಾಣಿತ ವಿಚಲನೆ 5.23 ಆಗಿತ್ತು, ನಿಜವಾದದ್ದಕ್ಕಿಂತ ನಾಲ್ಕು ಪಟ್ಟು. ಇನ್ನೊಂದನ್ನೂ ಮಾಡಿ ನೋಡಿದೆ: ಎರಡೂ ಕಾಲಂಗಳನ್ನು ಬೇರೆ ಬೇರೆಯಾಗಿ ಏರಿಕೆಯ ಕ್ರಮಕ್ಕೆ ಹಾಕಿದ್ದರೆ? ಆಗ ಟಿ 4.73. ಅದೂ ಸುಳ್ಳೇ, ಆದರೆ ಕೇಳಲು ಹಿತವಾದ ಸುಳ್ಳು. ಅದು ಬಂದಿದ್ದರೆ ಸಂತೋಷದಿಂದ ವರದಿ ಬರೆಯುತ್ತಿದ್ದೆ, ಯಾರೂ ಹಿಡಿಯುತ್ತಿರಲಿಲ್ಲ. ಇದು ನನ್ನನ್ನು ಹೆಚ್ಚು ಕಾಡಿತು.

ಅಂದಿನಿಂದ ಪ್ರತಿ ಸಲ ಹಾಳೆ ತೆರೆದ ಕೂಡಲೇ ನಂ. 9ರ ಸಾಲು ನೋಡುತ್ತೇನೆ: 25, 26. ಅದು ಸರಿಯಿದ್ದರೆ ಮಾತ್ರ ಮುಂದಿನ ಕೆಲಸ.

ಫೆಬ್ರವರಿ 5: ಉಪಕರಣವನ್ನು ಒರೆಗೆ ಹಚ್ಚಿದ್ದು

ಮೂರನೆಯ ಅಳತೆ ಬಂದರೆ ಕ್ಯಾಲ್ಕ್ ಸಾಲದು ಎಂದು ಆರ್ ಹಾಕಿಕೊಂಡೆ. ನನ್ನ ಅಂಕಿಗಳನ್ನು ಹಾಕುವ ಮೊದಲು ಉತ್ತರ ಗೊತ್ತಿರುವ ಲೆಕ್ಕವೊಂದನ್ನು ಮಾಡಿಸಿ ನೋಡಬೇಕು ಎನ್ನಿಸಿತು. ಹೊಸ ತಕ್ಕಡಿಗೆ ಮೊದಲು ಗೊತ್ತಿರುವ ತೂಕದ ಬಟ್ಟು ಇಟ್ಟು ನೋಡುವಂತೆ.

ಆರ್ ಜೊತೆಗೇ ‘ಸ್ಲೀಪ್’ ಎಂಬ ಚಿಕ್ಕ ದತ್ತಾಂಶ ಬರುತ್ತದೆ. ಹತ್ತು ರೋಗಿಗಳು, ಎರಡು ನಿದ್ರೆಯ ಔಷಧ, ಒಂದೊಂದರಿಂದ ಎಷ್ಟು ಗಂಟೆ ನಿದ್ದೆ ಹೆಚ್ಚಿತು ಎಂಬ ಅಂಕಿಗಳು. ಕುಶ್ನಿ ಮತ್ತು ಪೀಬಲ್ಸ್ 1905ರಲ್ಲಿ ಪ್ರಕಟಿಸಿದ್ದು ಇವು. ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಗಾಸೆಟ್ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ 1908ರಲ್ಲಿ ಟಿ ಪರೀಕ್ಷೆಗೆ ಬುನಾದಿ ಹಾಕಿದ ಪ್ರಬಂಧ ಬರೆದಾಗ ಉದಾಹರಣೆಗೆ ಎತ್ತಿಕೊಂಡದ್ದೂ ಇವನ್ನೇ. ಹತ್ತು ಮಂದಿಯ ವ್ಯತ್ಯಾಸ: 1.2, 2.4, 1.3, 1.3, 0, 1.0, 1.8, 0.8, 4.6, 1.4. ಸರಾಸರಿ 1.58 ಗಂಟೆ.

ಬೇರೆ ಬೇರೆ ಗುಂಪೆಂದು ಮಾಡಿದರೆ ಟಿ 1.86, ಪಿ 0.079. ಜೋಡಿಯಾಗಿ ಮಾಡಿದರೆ ಟಿ 4.06, ಪಿ 0.0028. ಕೈಲೆಕ್ಕಕ್ಕೂ ಆರ್ ಕೊಟ್ಟದ್ದಕ್ಕೂ ತಾಳೆಯಾಯಿತು. ನಾನು ಮಾಡಿದ ತಪ್ಪನ್ನೇ ಆ ಹತ್ತು ಮಂದಿಯ ಅಂಕಿಗಳ ಮೇಲೆ ಮಾಡಿದರೆ ಅಲ್ಲೂ ಫಲ ಅಳಿಸಿಹೋಗುತ್ತದೆ ಎಂಬುದು ಕಣ್ಣಿಗೆ ಕಂಡಿತು.

ಇಲ್ಲಿ ಒಂದು ಗಂಟೆ ಹಾಳಾಯಿತು. ಹಳೆಯ ಪಾಠಗಳಲ್ಲಿ ಟಿ ಪರೀಕ್ಷೆಯ ಆದೇಶವನ್ನು ಸೂತ್ರರೂಪದಲ್ಲಿ, ನಡುವೆ ಅಲೆಗೆರೆ (~) ಹಾಕಿ ಬರೆದು, ಕೊನೆಗೆ ‘ಪೇರ್ಡ್’ ಎಂದು ಸೇರಿಸಿರುತ್ತಾರೆ. ಆರ್ 4.4.0ರಿಂದ ಈಚೆಗೆ ಅದು ನಡೆಯುವುದಿಲ್ಲ, ದೋಷ ಎಂದು ನಿಂತುಬಿಡುತ್ತದೆ. ಎರಡು ಕಾಲಂಗಳನ್ನು ಅಲ್ಪವಿರಾಮ ಹಾಕಿ ಬೇರೆ ಬೇರೆಯಾಗಿ ಕೊಟ್ಟು ‘ಪೇರ್ಡ್’ ಎಂದರೆ ಸರಿಹೋಗುತ್ತದೆ. ಈ ಕಟ್ಟುನಿಟ್ಟು ನನಗೆ ಒಳ್ಳೆಯದೆನ್ನಿಸಿತು. ಹಳೆಯ ರೀತಿಯಲ್ಲಿ ಯಾರು ಯಾರ ಜೋಡಿ ಎಂಬುದು ಸಾಲುಗಳು ಬಂದ ಕ್ರಮದ ಮೇಲೆ ನಿಂತಿತ್ತು. ಕ್ರಮ ತಪ್ಪಿದರೆ ಏನಾಗುತ್ತದೆ ಎಂದು ನನಗೆ ಎರಡು ದಿನದ ಹಿಂದಷ್ಟೇ ಗೊತ್ತಾಗಿತ್ತು.

ಇದೇ ದಿನದ ಇನ್ನೊಂದು ಸಣ್ಣ ತಪ್ಪು: ಅಂಕಿಗಳು ಸಹಜ ವಿತರಣೆಯಲ್ಲಿ (ನಡುವೆ ದಟ್ಟ, ಎರಡೂ ಬದಿಗೆ ತೆಳು) ಇವೆಯೇ ಎಂದು ಎರಡೂ ಕಾಲಂಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದೆ. ಜೋಡಿ ಟಿ ಪರೀಕ್ಷೆಗೆ ನೋಡಬೇಕಾದದ್ದು ವ್ಯತ್ಯಾಸಗಳನ್ನು. ಗ್ರಾಫ್ ಹಾಳೆಯ ಮೇಲೆ ಹನ್ನೆರಡು ಚುಕ್ಕಿ ಇಟ್ಟೆ. ಒಂದೇ ಗುಡ್ಡೆ, ದೂರ ಸಿಡಿದದ್ದು ಯಾವುದೂ ಇಲ್ಲ. ಅಷ್ಟು ಸಾಕು.

ಫೆಬ್ರವರಿ 17: ಮೂರನೆಯ ಅಳತೆ, ಇಬ್ಬರು ಗೈರು

ನಂ. 11ರ ಮನೆಯಲ್ಲಿ ಅಡಿಕೆ ಕೊಯ್ಲು ತಡವಾಗಿ, ಅವರು ಸುಲಿಯುವ ಕೆಲಸಕ್ಕೆ ನಿಂತಿದ್ದರು. ನಂ. 12 ಬರುತ್ತಿದ್ದ ಸಂಜೆಯ ಬಸ್ಸಿನ ವೇಳೆ ಬದಲಾಗಿತ್ತು. ಇಬ್ಬರ ಗೈರಿಗೂ ಟೈಪಿಂಗ್ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದಕ್ಕೂ ಸಂಬಂಧವಿಲ್ಲ. ಕಾರಣವನ್ನು ರಿಜಿಸ್ಟರಿನಲ್ಲಿ ಬರೆದಿಟ್ಟದ್ದು ಮುಂದೆ ಕೆಲಸಕ್ಕೆ ಬಂತು.

ಫೆಬ್ರವರಿ 18ರಿಂದ 20: ಮೂರು ಅಳತೆ, ಅನೋವಾ

ಮೊದಲು ಮಾಡಹೊರಟದ್ದು ಮೂರು ಜೋಡಿ ಟಿ ಪರೀಕ್ಷೆ: ಮೊದಲಿಗೂ ಮೂರನೆಯ ವಾರಕ್ಕೂ, ಮೂರಕ್ಕೂ ಆರಕ್ಕೂ, ಮೊದಲಿಗೂ ಆರಕ್ಕೂ. ಅರ್ಧಕ್ಕೆ ನಿಲ್ಲಿಸಿದೆ. ಮೂರು ಸಲ ಬಲೆ ಬೀಸಿದರೆ ಬರೀ ಅದೃಷ್ಟದಿಂದ ಮೀನು ಸಿಗುವ ಸಂಭವವೂ ಹೆಚ್ಚುತ್ತದೆ. ಮೊದಲು ಒಟ್ಟಾರೆ ಒಂದು ಪರೀಕ್ಷೆ, ಅದು ದಾಟಿದರೆ ಮಾತ್ರ ಜೋಡಿಗಳು, ಅವಕ್ಕೂ ತಿದ್ದುಪಡಿ ಎಂದು ಗಟ್ಟಿ ಮಾಡಿಕೊಂಡೆ.

ಮೂರೂ ಸಲ ಬಂದ ಹತ್ತು ಮಂದಿಯ ಸರಾಸರಿ 20.7, 21.9, 23.3.

ಅಂಕಿಗಳನ್ನು ಉದ್ದ ರೂಪಕ್ಕೆ ತಂದೆ. ಒಂದು ಸಾಲಿನಲ್ಲಿ ಒಂದು ಅಳತೆ. ವ್ಯಕ್ತಿಯ ನಂಬರ್, ವಾರ, ವೇಗ. ಹೀಗೆ 30 ಸಾಲು. ಪುನರಾವರ್ತಿತ ಅಳತೆಗಳ ಅನೋವಾ ಕೊಟ್ಟೆ, ಎಂದರೆ ಅದೇ ಮಂದಿಯ ಮೂರೂ ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ಪರೀಕ್ಷೆ. ವಾರಗಳಿಂದ ಬಂದ ಏರುಪೇರು ಉಳಿದ ಏರುಪೇರಿನ ಎಷ್ಟು ಪಟ್ಟು ಎಂದು ಹೇಳುವ ಅಂಕಿ ಎಫ್. ಎಫ್ 1.11, ಪಿ 0.35.

ಎದೆ ಧಸಕ್ಕೆಂದಿತು. ಹತ್ತರಲ್ಲಿ ಒಂಬತ್ತು ಮಂದಿ ಮೊದಲಿಗಿಂತ ಮೇಲೇರಿದ್ದಾರೆ, ಒಬ್ಬರು ಇದ್ದಲ್ಲೇ ಇದ್ದಾರೆ, ಕೆಳಗಿಳಿದವರು ಯಾರೂ ಇಲ್ಲ. ಆದರೂ 0.35? ನಂ. 9ರ ಸಾಲು ನೋಡಿದೆ, ಸರಿಯಿತ್ತು. ವ್ಯಕ್ತಿಯ ಗುರುತೇ ಇಲ್ಲದಂತೆ ಸಾದಾ ಅನೋವಾ ಮಾಡಿ ನೋಡಿದರೆ ಎಫ್ 1.13, ಪಿ 0.34. ಹೆಚ್ಚುಕಡಿಮೆ ಅದೇ. ಎಂದರೆ ನಾನು ಕೊಟ್ಟ ನಂಬರನ್ನು ಆರ್ ಬಳಸಿಕೊಂಡೇ ಇಲ್ಲ.

ಮರುದಿನ ಬೆಳಗ್ಗೆ ಫಲಿತಾಂಶದ ಪಟ್ಟಿಯಲ್ಲಿ ಒಂದು ಅಂಕಿ ಕಣ್ಣಿಗೆ ಬಿತ್ತು. ಉಳಿಕೆಯ (ವ್ಯಕ್ತಿಗೂ ವಾರಕ್ಕೂ ಸೇರದೆ ಉಳಿದ ಏರುಪೇರಿನ) ಸಾಲಿನಲ್ಲಿ, ‘ಡಿಎಫ್’ (ಸ್ವಾತಂತ್ರ್ಯದ ಮಟ್ಟ) ಎಂಬ ತಲೆಬರಹದ ಕೆಳಗೆ, 26. ಅಲ್ಲಿ ಇರಬೇಕಾದದ್ದು (10−1) × (3−1), ಅಂದರೆ 18. ಹಾಗಾದರೆ ವ್ಯಕ್ತಿಗಳಿಗೆ ಸಿಕ್ಕಿದ್ದು 9 ಅಲ್ಲ, ಬರೀ 1. ವ್ಯಕ್ತಿಗಳಿಗೆ 1ರಿಂದ 10ರವರೆಗೆ ನಂಬರ್ ಕೊಟ್ಟಿದ್ದೆನಲ್ಲ, ಆರ್ ಅದನ್ನು ಅಳತೆ ಎಂದೇ ತಿಳಿದುಕೊಂಡಿತ್ತು. ನಂ. 10 ಎಂದರೆ ನಂ. 5ರ ಎರಡರಷ್ಟು ಎಂಬಂತೆ! ನಂಬರನ್ನು ‘ಫ್ಯಾಕ್ಟರ್’ (ಬರೀ ಗುರುತಿನ ಹೆಸರು) ಆಗಿ ಬದಲಿಸಿದೆ. ಉಳಿಕೆ 18ಕ್ಕೆ ಬಂತು. ಎಫ್ 30.08. ಪಿ 0.00001ಕ್ಕಿಂತಲೂ ಕಡಿಮೆ.

ಈಗ ರಿಜಿಸ್ಟರಿನಲ್ಲಿ ನಂ. 1, ನಂ. 2 ಎಂದಿದ್ದರೂ ಕಂಪ್ಯೂಟರಿನಲ್ಲಿ ಮುಂದೆ ಒಂದು ಅಕ್ಷರ ಸೇರಿಸಿ ‘ಕ1’, ‘ಕ2’ ಎಂದೇ ಹಾಕುತ್ತೇನೆ. ಅಕ್ಷರವಿದ್ದರೆ ಯಾವ ತಂತ್ರಾಂಶವೂ ಅದನ್ನು ಸಂಖ್ಯೆ ಎಂದುಕೊಳ್ಳುವುದಿಲ್ಲ.

ಇದೇ ಲೆಕ್ಕವನ್ನು ಕೈಯಲ್ಲೂ ಮಾಡಿದೆ. ಒಟ್ಟು ಏರುಪೇರು (ಸರಾಸರಿಯಿಂದ ಇರುವ ಅಂತರಗಳ ವರ್ಗಗಳ ಮೊತ್ತ) 436.97. ಅದರಲ್ಲಿ ವ್ಯಕ್ತಿ-ವ್ಯಕ್ತಿಗಳ ನಡುವಿನದೇ 392.97. ವಾರಗಳಿಂದ ಬಂದದ್ದು 33.87. ಉಳಿದದ್ದು 10.13 ಮಾತ್ರ. ಮೂರೂ ಸಲ ಎಡವಿದ್ದು ಈ 392.97ರ ಬಳಿಯೇ ಎಂದು ಆಗ ಅರ್ಥವಾಯಿತು. ಒಮ್ಮೆ ತಪ್ಪು ಅಂಕಿ ಒತ್ತಿ, ಒಮ್ಮೆ ಕಾಲಂ ಕದಡಿ, ಒಮ್ಮೆ ನಂಬರನ್ನು ಅಳತೆಯಾಗಿಸಿ, ಅದನ್ನು ಪಕ್ಕಕ್ಕೆ ತೆಗೆದಿಡುವ ಬದಲು ಉಳಿಕೆಯೊಳಗೇ ಸುರಿದಿದ್ದೆ.

ಇನ್ನೊಂದು ಷರತ್ತು ನೋಡುವುದಿತ್ತು. ಯಾವ ಎರಡು ವಾರ ತೆಗೆದುಕೊಂಡರೂ ವ್ಯತ್ಯಾಸಗಳ ಹರಡುವಿಕೆ ಸುಮಾರು ಒಂದೇ ಇರಬೇಕು. ನನ್ನಲ್ಲಿ ಆ ಮೂರು (ಪ್ರಮಾಣಿತ ವಿಚಲನೆಯ ವರ್ಗದ ಲೆಕ್ಕದಲ್ಲಿ) 1.29, 0.49, 1.60. ಈ ಷರತ್ತನ್ನೇ ನೋಡುವ ಮಾಕ್ಲಿ ಪರೀಕ್ಷೆ ಪಿ 0.18 ಕೊಟ್ಟಿತು, ‘ತೊಂದರೆ ಇಲ್ಲ’ ಎಂಬಂತೆ. ಹತ್ತೇ ಮಂದಿ ಇದ್ದಾಗ ಆ ಪರೀಕ್ಷೆಯ ಕಣ್ಣು ಮಂಜು. 0.49 ಮತ್ತು 1.60ರ ನಡುವಿನ ಅಂತರ ನನಗೆ ಚಿಕ್ಕದೆನ್ನಿಸಲಿಲ್ಲ. ಹಾಗಾಗಿ ಈ ಷರತ್ತು ಪೂರ್ತಿ ಹೊಂದದಿದ್ದಾಗ ಬಳಸುವ ಗ್ರೀನ್‌ಹೌಸ್–ಗೈಸರ್ ತಿದ್ದುಪಡಿ ಹಾಕಿದೆ. ಅದರ ಗುಣಕ 0.74. ತಿದ್ದಿದ ಮೇಲೂ ಪಿ 0.001ಕ್ಕಿಂತ ಕಡಿಮೆಯೇ.

ಆಮೇಲೆ ಜೋಡಿಗಳು, ಹಲವು ಸಲ ಹೋಲಿಸಿದ್ದಕ್ಕೆ ಮಾಡುವ ಹೋಲ್ಮ್ ತಿದ್ದುಪಡಿಯೊಂದಿಗೆ. ಮೊದಲಿನಿಂದ ಮೂರಕ್ಕೆ ಏರಿಕೆ 1.2, ಪಿ 0.009. ಮೂರರಿಂದ ಆರಕ್ಕೆ 1.4, ಮೊದಲಿನಿಂದ ಆರಕ್ಕೆ 2.6, ಎರಡರದ್ದೂ 0.001ಕ್ಕಿಂತ ಕಡಿಮೆ. ಆರು ವಾರದ ಏರಿಕೆಯ ವ್ಯಾಪ್ತಿ 1.7ರಿಂದ 3.5 ಪದ. ವರದಿಯಲ್ಲಿ ಈ ವ್ಯಾಪ್ತಿಯನ್ನೇ ಮೇಲೆ ಹಾಕಿದ್ದೇನೆ. ಪಿ ಮೌಲ್ಯ ಪಂಚಾಯಿತಿ ಸದಸ್ಯರಿಗೆ ಏನೂ ಹೇಳುವುದಿಲ್ಲ, ‘ನಿಮಿಷಕ್ಕೆ ಎರಡು-ಮೂರು ಪದ ಹೆಚ್ಚು’ ಎಂದರೆ ಅರ್ಥವಾಗುತ್ತದೆ.

ಫೆಬ್ರವರಿ 22: ಕಷ್ಟದ ಅಂಕ, ಫ್ರೀಡ್‌ಮನ್

ಇದಕ್ಕೆ ಅನೋವಾ ಹಿಡಿಯಲಿಲ್ಲ. 0–10ರ ಅಂಕ, ಮಂದಿ ಹತ್ತು, ಸಮ ಅಂಕಗಳು ಬೇರೆ ಬೇಕಾದಷ್ಟು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1937ರಲ್ಲಿ ಕೊಟ್ಟ ಶ್ರೇಣಿ ಪರೀಕ್ಷೆ ಇಂಥದ್ದಕ್ಕೆ ಹೊಂದುತ್ತದೆ. ಒಬ್ಬೊಬ್ಬರ ಮೂರು ಅಂಕಗಳಿಗೆ ಅವರೊಳಗೇ 1, 2, 3 ಶ್ರೇಣಿ ಕೊಡುವುದು, ಆಮೇಲೆ ವಾರವಾರು ಕೂಡುವುದು.

ಅಂಕಗಳು: ನಂ. 1: 6, 4, 3. ನಂ. 2: 5, 5, 3. ನಂ. 3: 8, 6, 5. ನಂ. 4: 4, 4, 4. ನಂ. 5: 3, 2, 2. ನಂ. 6: 7, 4, 2. ನಂ. 7: 6, 7, 6. ನಂ. 8: 5, 3, 3. ನಂ. 9: 4, 3, 1. ನಂ. 10: 7, 6, 4.

ಸಮವಾದಲ್ಲಿ ಶ್ರೇಣಿಯನ್ನು ಹಂಚಿದೆ: ಒಬ್ಬರ ಎರಡು ಸಮ ಅಂಕಗಳ ಪಾಲಿಗೆ 2 ಮತ್ತು 3 ಬಿದ್ದರೆ ತಲಾ 2.5. ಮೊತ್ತ 27, 20.5, 12.5. ಪುಸ್ತಕದ ಸೂತ್ರಕ್ಕೆ ಹಾಕಿದರೆ 10.55 ಬಂತು. ಆರ್ 13.19 ಎಂದಿತು. ಅರ್ಧ ದಿನ ನನ್ನ ಕೂಡುವಿಕೆಯನ್ನೇ ಅನುಮಾನಿಸಿದೆ. ಕೂಡುವಿಕೆ ಸರಿಯಿತ್ತು. ಸಮ ಅಂಕಗಳಿದ್ದರೆ ಸೂತ್ರಕ್ಕೆ ಒಂದು ತಿದ್ದುಪಡಿ ಇದೆ, ಆರ್ ಅದನ್ನು ತಾನಾಗಿಯೇ ಮಾಡುತ್ತದೆ. ನನ್ನಲ್ಲಿ ಆ ಭಾಜಕ 0.8 ಬರುತ್ತದೆ, 10.55ನ್ನು 0.8ರಿಂದ ಭಾಗಿಸಿದರೆ 13.19. ಪಿ 0.0014.

ಮೊದಲ ದಿನಕ್ಕೂ ಆರನೆಯ ವಾರಕ್ಕೂ ಮಾತ್ರ ಹೋಲಿಸಲು ವಿಲ್‌ಕಾಕ್ಸನ್ ಪರೀಕ್ಷೆ (ಜೋಡಿ ಅಳತೆಗಳ ಶ್ರೇಣಿ ಪರೀಕ್ಷೆ) ಕೊಟ್ಟರೆ, ಸಮ ಅಂಕಗಳಿರುವುದರಿಂದ ನಿಖರ ಪಿ ಸಿಗದು ಎಂದು ಎಚ್ಚರಿಕೆ ಬಂತು. ಅದನ್ನು ಬಿಟ್ಟು, ಏರಿದವರೆಷ್ಟು, ಇಳಿದವರೆಷ್ಟು ಎಂದು ಮಾತ್ರ ಎಣಿಸುವ ಚಿಹ್ನೆ ಪರೀಕ್ಷೆಗೆ ಇಳಿದೆ. ಬದಲಾದವರು ಎಂಟು ಮಂದಿ, ಎಂಟೂ ಮಂದಿಗೆ ಕಷ್ಟ ಕಡಿಮೆಯಾಗಿದೆ. ನಾಣ್ಯ ಎಂಟು ಸಲ ಚಿಮ್ಮಿದಾಗ ಎಲ್ಲವೂ ಒಂದೇ ಮುಖ ಬೀಳುವ ಸಂಭವ 256ರಲ್ಲಿ 2, ಅಂದರೆ 0.0078. ಇದನ್ನು ಯಾರಿಗೆ ಬೇಕಾದರೂ ವಿವರಿಸಬಹುದು.

ನಂ. 7ರ ಬಗ್ಗೆ ಒಂದು ಮಾತು. ವೇಗ 22, 21, 22. ಕಷ್ಟ 6, 7, 6. ಪಟ್ಟಿಯಲ್ಲಿ ಇವರದು ಏನೂ ಆಗದ ಸಾಲು. ಆದರೆ ಮೂರನೆಯ ವಾರ ನಾನು ಪಕ್ಕದಲ್ಲಿ ನಿಂತಿದ್ದೆ. ‘ರಾಷ್ಟ್ರ’ ಎಂಬ ಪದ ಬಂತು. ಈ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ ಒತ್ತಬೇಕು, ಅದರಲ್ಲಿ ಎರಡು ಸಲ. ಅವರು ತಲೆ ತಗ್ಗಿಸಲಿಲ್ಲ. ಕಣ್ಣು ಪರದೆಯ ಮೇಲೆಯೇ ಇತ್ತು, ರಟ್ಟಿನ ಮುಚ್ಚಳದ ಕೆಳಗೆ ಎಡಗೈ ತೋರುಬೆರಳು ತಡವಿ ತಡವಿ ಆ ಕೀಲಿಯನ್ನು ಹುಡುಕಿಕೊಂಡಿತು. ಐವತ್ತು ದಾಟಿದವರು, ನೋಡಿಕೊಂಡು ಹೊಡೆಯುವ ಹಳೆಯ ಅಭ್ಯಾಸ ಬಿಡುವಾಗ ವೇಗ ಕಳೆದುಕೊಂಡು, ಆರನೆಯ ವಾರಕ್ಕೆ ಮತ್ತೆ ಗಳಿಸಿಕೊಂಡರು. ಈ ಸಾಲನ್ನು ಸರಾಸರಿಯಲ್ಲಿ ಮುಳುಗಿಸಲು ಮನಸ್ಸಾಗದೆ ವರದಿಗೆ ಹತ್ತೂ ಮಂದಿಯ ಗೆರೆಚಿತ್ರ ಸೇರಿಸಿದೆ, ಒಬ್ಬರಿಗೆ ಒಂದು ಗೆರೆ.

ಫೆಬ್ರವರಿ 23: ಹೌದು-ಇಲ್ಲ, ಮೆಕ್‌ನೆಮಾರ್

ಕೀಲಿಮಣೆ ನೋಡುವವರು ಜನವರಿ 6ರಂದು 12ರಲ್ಲಿ 9 ಮಂದಿ, 27ರಂದು 4. ನನಗೆ ಹೆಚ್ಚು ಹೆಮ್ಮೆಯಿದ್ದದ್ದು ಇದರ ಬಗ್ಗೆಯೇ. ಎರಡು ಗುಂಪುಗಳ ಹೌದು-ಇಲ್ಲ ಎಣಿಕೆ ಹೋಲಿಸುವ ಕೈ-ಸ್ಕ್ವೇರ್ (χ²) ಪರೀಕ್ಷೆಯನ್ನು ಕಾಗದದ ಮೇಲೆ ಮಾಡಿದೆ: 4.20, ಪಿ 0.04. ಬಂದೇಬಿಟ್ಟಿತು ಎಂದುಕೊಂಡೆ.

ಬರೆದ ಮೇಲೆ ತಪ್ಪು ಕಂಡಿತು. ಕೋಷ್ಟಕದಲ್ಲಿ 24 ಮಂದಿ ಇದ್ದರು. ನಮ್ಮಲ್ಲಿ ಇರುವುದೇ ಹನ್ನೆರಡು.

ಸರಿಯಾದ ಕೋಷ್ಟಕ ಹೀಗಿದೆ: ಮೊದಲೂ ನೋಡುತ್ತಿದ್ದರು, ಈಗಲೂ ನೋಡುತ್ತಾರೆ, 3. ನೋಡುವುದನ್ನು ಬಿಟ್ಟವರು 6. ಹೊಸದಾಗಿ ನೋಡತೊಡಗಿದವರು 1. ಎಂದೂ ನೋಡದವರು 2. ಮೆಕ್‌ನೆಮಾರ್ ಪರೀಕ್ಷೆ ಬದಲಾದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಇಲ್ಲಿ 6 ಮತ್ತು 1. ಏಳು ಸಲ ನಾಣ್ಯ ಚಿಮ್ಮಿದರೆ 6-1 ಅಥವಾ ಅದಕ್ಕಿಂತ ಏಕಪಕ್ಷೀಯವಾಗಿ ಬೀಳುವ ಸಂಭವ 128ರಲ್ಲಿ 16. ಪಿ 0.125.

0.04 ಕೈಬಿಟ್ಟು 0.125 ಬರೆಯಲು ಮನಸ್ಸು ಒಪ್ಪಲು ಒಂದು ದಿನ ಹಿಡಿಯಿತು. ಅಲ್ಲಿಯವರೆಗೆ ಜೋಡಿ ಪರೀಕ್ಷೆ ಎಂದರೆ ಫಲವನ್ನು ಎತ್ತಿ ತೋರಿಸುವಂಥದ್ದು ಎಂಬ ಭಾವನೆ ನನ್ನಲ್ಲಿ ಬೇರೂರಿತ್ತು. ಇಲ್ಲಿ ಅದು ಇದ್ದ ಫಲವನ್ನೂ ಕಿತ್ತುಕೊಂಡಿತು. ವರದಿಯಲ್ಲಿ ‘ಆರು ಮಂದಿ ಬಿಟ್ಟಿದ್ದಾರೆ, ಒಬ್ಬರು ಹೊಸದಾಗಿ ಶುರುಮಾಡಿದ್ದಾರೆ, ಹನ್ನೆರಡು ಮಂದಿಯಿಂದ ಗಟ್ಟಿಯಾಗಿ ಹೇಳಲಾಗದು’ ಎಂದೇ ಬರೆದೆ. ಆ ಒಬ್ಬರು ನಂ. 12. ಅವರ ಕೀಲಿಮಣೆ ಕೆಟ್ಟು, ಎರಡನೆಯ ಅಳತೆಯ ಹಿಂದಿನ ದಿನ ಬೇರೆ ಕೊಟ್ಟಿದ್ದೆ. ಕೀಲಿಗಳ ನಡುವಿನ ಅಂತರವೇ ಬೇರೆ ಇತ್ತು. ಅವರ ವೇಗ 23ರಿಂದ 22ಕ್ಕೆ ಇಳಿದಿರುವುದಕ್ಕೂ ಅದೇ ಕಾರಣವಿರಬೇಕು. ಅಳೆಯುವ ನಡುವೆ ಉಪಕರಣ ಬದಲಿಸಿದ್ದು ನನ್ನ ತಪ್ಪು.

ಫೆಬ್ರವರಿ 25: ಬಾರದ ಇಬ್ಬರನ್ನು ಏನು ಮಾಡುವುದು

ಅನೋವಾ ಮಾಡಲು ನಂ. 11 ಮತ್ತು 12ನ್ನು ಪೂರ್ತಿ ತೆಗೆದುಹಾಕಿದ್ದೆ. ಅದರ ಪರಿಣಾಮ ನೋಡಿ: ಹನ್ನೆರಡೂ ಮಂದಿಯಲ್ಲಿ ಮೂರನೆಯ ವಾರದ ಏರಿಕೆ 1.08, ಹತ್ತು ಮಂದಿಯಲ್ಲಿ 1.2. ಇಳಿದವರಲ್ಲಿ ಒಬ್ಬರು ಹೊರಗೆ ಹೋದ ಕೂಡಲೇ ಸಂಖ್ಯೆ ಚೆಂದವಾಯಿತು.

ಆರ್‌ನ ‘ಎಲ್‌ಎಂಇ4’ ಪೊಟ್ಟಣದಿಂದ ಮಿಶ್ರ ಮಾದರಿ ಹಾಕಿದೆ. ಪ್ರತಿಯೊಬ್ಬರಿಗೂ ತಮ್ಮದೇ ಆರಂಭದ ಮಟ್ಟ, ಎಲ್ಲರಿಗೂ ಒಂದೇ ವಾರದ ಪರಿಣಾಮ. ಸಿಕ್ಕ 34 ಅಳತೆಗಳೂ ಒಳಗೆ ಬಂದವು, ಬಾರದ ಎರಡು ಮಾತ್ರ ಖಾಲಿ. ಏರಿಕೆ ಮೂರನೆಯ ವಾರಕ್ಕೆ ಸುಮಾರು 1.1, ಆರನೆಯ ವಾರಕ್ಕೆ ಸುಮಾರು 2.5. ಗೈರಿಗೆ ಕಾರಣ ಅಡಿಕೆ ಮತ್ತು ಬಸ್ಸು ಎಂದು ರಿಜಿಸ್ಟರಿನಲ್ಲಿ ಇದ್ದದ್ದರಿಂದ ಇದನ್ನು ಧೈರ್ಯವಾಗಿ ಬಳಸಿದೆ. ಟೈಪಿಂಗ್ ಬರುತ್ತಿಲ್ಲವೆಂದು ಬೇಸತ್ತು ಬಿಟ್ಟಿದ್ದರೆ ಈ ಮಾದರಿಯೂ ಕಾಪಾಡುತ್ತಿರಲಿಲ್ಲ.

ಮತ್ತೆ ಮೊದಲಿಂದ ಮಾಡುವುದಿದ್ದರೆ ನೇರವಾಗಿ ಇಲ್ಲಿಂದಲೇ ಶುರುಮಾಡುತ್ತೇನೆ. ಹಳ್ಳಿಯಲ್ಲಿ ಎಲ್ಲರೂ ಎಲ್ಲ ದಿನವೂ ಬರುವ ಅಳತೆ ಎಂಬುದು ಇಲ್ಲ.

ಮಾರ್ಚ್ 1: ವರದಿ, ಮತ್ತು ಯಾವ ಪರೀಕ್ಷೆಯೂ ತಿದ್ದಲಾಗದ ತಪ್ಪು

ಮೂರು ಸಲಕ್ಕೂ ಬೇರೆ ಬೇರೆ ಪಠ್ಯ ಕೊಟ್ಟಿದ್ದೆ, ಬಾಯಿಪಾಠವಾಗಬಾರದೆಂದು. ಆದರೆ ಮೊದಲ ದಿನ ಎಲ್ಲರಿಗೂ ಒಂದೇ ಪಠ್ಯ, ಮೂರನೆಯ ವಾರ ಎಲ್ಲರಿಗೂ ಇನ್ನೊಂದು, ಆರನೆಯ ವಾರ ಎಲ್ಲರಿಗೂ ಮತ್ತೊಂದು. ವಾರ ಮತ್ತು ಪಠ್ಯ ಒಂದಕ್ಕೊಂದು ಅಂಟಿಕೊಂಡುಬಿಟ್ಟವು. ಎಣಿಸಿ ನೋಡಿದರೆ ಮೊದಲ ದಿನದ ಪಠ್ಯದಲ್ಲಿ ಒತ್ತಕ್ಷರಗಳು ಹೆಚ್ಚು, ಕೊನೆಯದರಲ್ಲಿ ಕಡಿಮೆ. 2.6 ಪದದ ಏರಿಕೆಯಲ್ಲಿ ಅಭ್ಯಾಸದ ಪಾಲೆಷ್ಟು, ಪಠ್ಯ ಸುಲಭವಾದದ್ದರ ಪಾಲೆಷ್ಟು ಎಂದು ಈ ಅಂಕಿಗಳಿಂದ ಬಿಡಿಸಲಾಗದು. ಅಭ್ಯಾಸ ಮಾಡದ ಇನ್ನೊಂದು ಗುಂಪನ್ನೂ ನಾನು ಅಳೆದಿರಲಿಲ್ಲ. ಎರಡನ್ನೂ ವರದಿಯ ಮೊದಲ ಪುಟದಲ್ಲೇ ಬರೆದಿದ್ದೇನೆ, ಕೊನೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅಲ್ಲ. ಫೆಬ್ರವರಿ 1ರ ವರದಿಯನ್ನು ಹಿಂದಕ್ಕೆ ಪಡೆದಿರುವುದನ್ನೂ ಬರೆದು, ಗೋಡೆಯ ಪಟ್ಟಿಯನ್ನು ಬದಲಿಸಿದೆ. ನಂ. 9ರ ಸಾಲಿನಲ್ಲಿ ಈಗ 25, 26, 28 ಇದೆ.

ಮುಂದಿನ ತಂಡ ಮಾರ್ಚ್ 10ಕ್ಕೆ ಶುರು. ಹನ್ನೆರಡು ಮಂದಿಯನ್ನು ನಾಲ್ಕು ನಾಲ್ಕರಂತೆ ಮೂರು ಪಾಲು ಮಾಡಿ, ಚೀಟಿ ಎತ್ತಿಸಿ, ಪಠ್ಯಗಳನ್ನು ಸರದಿಯಲ್ಲಿ ಹಂಚುತ್ತೇನೆ: ಮೊದಲ ಪಾಲಿಗೆ ಅ-ಆ-ಇ, ಎರಡನೆಯದಕ್ಕೆ ಆ-ಇ-ಅ, ಮೂರನೆಯದಕ್ಕೆ ಇ-ಅ-ಆ. ಜೆರಾಕ್ಸಿಗೆ ಮತ್ತೆ ₹72. ಚೀಟಿಗಳನ್ನು ಕತ್ತರಿಸಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ನಂ. 7 ಈ ಸಲವೂ ಬರುತ್ತೇನೆ ಎಂದಿದ್ದಾರೆ.